ಎ.ಆರ್.ಟಿ. ಕೇಂದ್ರದಲ್ಲಿ ಕಲಿತದ್ದು

ಎಚ್‌ಐವಿ ಸೋಂಕಿಗೆ ಸರ್ಕಾರ ಉಚಿತವಾಗಿ ಔಷಧ (ಎ.ಆರ್.ಟಿ.) ಕೊಡಲು ಶುರುಮಾಡಿದ್ದು 2004ರ ಏಪ್ರಿಲ್ 1ರಂದು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ರೋಗನಿರೋಧಕ ಶಕ್ತಿಯನ್ನು ಅಳೆಯುವ ಸಿಡಿ4 ಎಣಿಕೆ ಕುಸಿಯುವವರೆಗೆ ಕಾಯಬೇಕಾಗಿದ್ದ ಕಾಲ ಅದು. 2017ರಿಂದ ಸೋಂಕು ಪತ್ತೆಯಾದ ಎಲ್ಲರಿಗೂ ಚಿಕಿತ್ಸೆ ಇದೆ. ಈಗ ಹೆಚ್ಚಿನವರಿಗೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಗುಳಿಗೆ, ದಿನಕ್ಕೊಮ್ಮೆ. ಆದರೂ ಜನ ನಡುವೆ ಬಿಡುತ್ತಾರೆ. ಜಿಲ್ಲಾ ಕೇಂದ್ರವೊಂದರ ವೈದ್ಯನಾಗಿ ನಾನು ಕಲಿತದ್ದು ಬಹುಪಾಲು ಆ ಬಿಡುವಿಕೆಯ ಬಗ್ಗೆಯೇ.

1. ಮೊದಲ ದಿನ ಕಡಿಮೆ ಮಾತಾಡಬೇಕು. ವರದಿ ಕೇಳಿದವರಿಗೆ ಆಮೇಲಿನ ಮಾತು ತಲೆಗೆ ಹೋಗುವುದಿಲ್ಲ. ಔಷಧ ಇದೆ, ದಿನಾ ತಗೊಳ್ಳಬೇಕು, ನಮ್ಮನ್ನು ಕೇಳದೆ ನಿಲ್ಲಿಸಬಾರದು. ಅಂದಿಗೆ ಇಷ್ಟು ಸಾಕು.

2. ಕ್ಷಯವನ್ನು ಹುಡುಕುತ್ತಲೇ ಇರಬೇಕು. ಕೆಮ್ಮು, ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು: ಈ ನಾಲ್ಕನ್ನೂ ಪ್ರತಿ ಭೇಟಿಯಲ್ಲಿ ಕೇಳುತ್ತೇನೆ. ಔಷಧ ಶುರುವಾದ ಮೊದಲ ವಾರಗಳಲ್ಲಿ ರೋಗನಿರೋಧಕ ಶಕ್ತಿ ಚೇತರಿಸಿಕೊಂಡು, ಒಳಗೆ ಅಡಗಿದ್ದ ಕ್ಷಯದ ಮೇಲೆ ತಿರುಗಿ ಬೀಳುವುದುಂಟು. ಜ್ವರ ಬರುತ್ತದೆ, ಕುತ್ತಿಗೆಯಲ್ಲಿ ಗಂಟು ಏಳುತ್ತದೆ. 'ಗುಳಿಗಿ ತಗೊಂಡ ಮ್ಯಾಲೇ ಹಿಂಗಾತು' ಎಂದು ನಿಲ್ಲಿಸಿಬಿಡುತ್ತಾರೆ. ಹೀಗಾಗಬಹುದು, ಆದರೆ ಕೂಡಲೇ ಬನ್ನಿ ಎಂದು ಮೊದಲೇ ಹೇಳಿದ್ದರೆ ಬರುತ್ತಾರೆ. ಕ್ಷಯಕ್ಕೆ ರಿಫಾಂಪಿಸಿನ್ ನಡೆಯುತ್ತಿದ್ದರೆ ಅದು ರಕ್ತದಲ್ಲಿ ಡೊಲುಟೆಗ್ರಾವಿರ್ ಪ್ರಮಾಣವನ್ನು ತಗ್ಗಿಸುತ್ತದೆ. ಹಾಗಾಗಿ 12 ಗಂಟೆ ಬಿಟ್ಟು ಇನ್ನೊಂದು 50 ಮಿ.ಗ್ರಾಂ. ಡೊಲುಟೆಗ್ರಾವಿರ್ ಕೊಡಬೇಕು, ರಿಫಾಂಪಿಸಿನ್ ನಿಂತ ಮೇಲೂ ಎರಡು ವಾರ ಮುಂದುವರಿಸಬೇಕು.

3. 'ದಿನಾ ತಗೋತೀರಾ?' ಎಂಬ ಪ್ರಶ್ನೆಗೆ ಎಲ್ಲರ ಉತ್ತರವೂ 'ಹೌದ್ರಿ'. 'ಗುಳಿಗಿ ಎಲ್ಲಿ ಇಡ್ತೀಯವ್ವಾ?' ಎಂದು ಕೇಳಿದರೆ ಬದುಕು ಬಿಚ್ಚಿಕೊಳ್ಳುತ್ತದೆ. ಕೂಡುಕುಟುಂಬದ ಸೊಸೆಗೆ ಮನೆಯಲ್ಲಿ ಸ್ವಂತದ್ದೆಂದು ಒಂದು ಟ್ರಂಕೂ ಇರುವುದಿಲ್ಲ. ಡಬ್ಬಿ ಗಲಗಲ ಅಂದರೆ ಅತ್ತೆ ಕೇಳುತ್ತಾರೆ; ಡಬ್ಬಿಯೊಳಗೆ ಹತ್ತಿ ತುರುಕಿದರೆ ಸದ್ದಿಲ್ಲ. ಡೊಲುಟೆಗ್ರಾವಿರ್ ಗುಳಿಗೆಯನ್ನು ರಾತ್ರಿಯೇ ನುಂಗಬೇಕೆಂದಿಲ್ಲ. ಹೊಲಕ್ಕೆ ಹೋಗುವ ಮುಂಚೆ ಆಕೆಗೆ ಒಬ್ಬಳೇ ಇರಲು ಸಿಗುವ ಹೊತ್ತೇ ಸರಿಯಾದ ಹೊತ್ತು. ಕಬ್ಬು ಕಡಿಯಲು, ಗೋವಾದ ಕೂಲಿಗೆ ಹೋಗುವವರನ್ನು ಹೊರಡುವ ದಿನಾಂಕ ಕೇಳಿ, ತಿಂಗಳುಗಳಿಗೆ ಸಾಕಾಗುವಷ್ಟು ಗುಳಿಗೆ ಕೊಡುವುದು ಅಥವಾ ಅಲ್ಲಿನ ಕೇಂದ್ರಕ್ಕೆ ವರ್ಗಾಯಿಸುವುದು ನಮ್ಮ ಕೆಲಸ. ಊರಿಗೆ ಮರಳುವವರೆಗೆ ಅವರು ಔಷಧವಿಲ್ಲದೆ ಇರುವಂತಾಗಬಾರದು.

4. ಬೇರೆ ಗುಳಿಗೆಗಳನ್ನು ಚೀಲ ಸಮೇತ ತರಿಸಿ ನೋಡಬೇಕು. ಗರ್ಭಿಣಿಗೆ ಕೊಡುವ ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳು ಖಾಲಿ ಹೊಟ್ಟೆಯಲ್ಲಿ ಜೊತೆಗೆ ಸೇರಿದರೆ ಡೊಲುಟೆಗ್ರಾವಿರ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ಊಟದ ಜೊತೆಗಾದರೆ ಒಟ್ಟಿಗೆ ತಗೊಳ್ಳಬಹುದು. ಗ್ಯಾಸಿಗೆ ನುಂಗುವ ಆಂಟಾಸಿಡ್ ಹಾಗಲ್ಲ, ಅದಕ್ಕಿಂತ ಎರಡು ಗಂಟೆ ಮುಂಚೆ ಇಲ್ಲವೇ ಆರು ಗಂಟೆ ನಂತರವೇ ಡೊಲುಟೆಗ್ರಾವಿರ್. ಡೊಲುಟೆಗ್ರಾವಿರ್ ನುಂಗುವ ಸಕ್ಕರೆ ಕಾಯಿಲೆಯವರಿಗೆ ಮೆಟ್‌ಫಾರ್ಮಿನ್ ದಿನಕ್ಕೆ 1000 ಮಿ.ಗ್ರಾಂ. ದಾಟಬಾರದು.

5. ವೈರಲ್ ಲೋಡ್ (ಒಂದು ಮಿ.ಲೀ. ರಕ್ತದಲ್ಲಿನ ವೈರಸ್ ಪ್ರಮಾಣ) 1000 ದಾಟಿದರೆ ಬಯ್ಯಬಾರದು. ಬೈಸಿಕೊಂಡವರು ಮುಂದಿನ ಸಲ ಸುಳ್ಳು ಹೇಳುತ್ತಾರೆ, ಇಲ್ಲವೇ ಬರುವುದೇ ಇಲ್ಲ. ಯಾವ ವಾರ ತಪ್ಪಿತು, ಯಾಕೆ ತಪ್ಪಿತು ಎಂದು ಕೂತು ಕೇಳಬೇಕು, ಅಡ್ಡಿ ತೆಗೆಯಬೇಕು, ಮತ್ತೆ ಪರೀಕ್ಷೆ ಮಾಡಬೇಕು. ಎಷ್ಟೋ ಸಲ ಔಷಧ ಬದಲಿಸುವ ಅಗತ್ಯವೇ ಬೀಳುವುದಿಲ್ಲ.

6. ಗುಟ್ಟು ಕಾಯುವುದೂ ಚಿಕಿತ್ಸೆಯೇ. 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ 2017ರ ಎಚ್‌ಐವಿ ಕಾಯ್ದೆ ಇದನ್ನು ಹಕ್ಕಾಗಿಸಿದೆ. ವಾರ್ಡಿನಲ್ಲಿ ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ 'ಎಚ್‌ಐವಿ' ಎಂದು ಬರೆಯುವ ಕೈಗಳನ್ನು ಇಂದೂ ತಡೆಯಬೇಕಾಗಿ ಬರುತ್ತದೆ.

7. ಮಕ್ಕಳಿಗೆ ನಿಜ ಹೇಳುವುದನ್ನು ಮುಂದೂಡಬಾರದು. 'ಶಕ್ತಿ ಗುಳಿಗೆ' ಎಂದು ನಂಬಿಸಿದ್ದು ಹತ್ತು-ಹನ್ನೆರಡು ವರ್ಷದವರೆಗೆ ನಡೆದೀತು. ಆಮೇಲೆ ಮೊಬೈಲಿನಲ್ಲಿ ಹೆಸರು ಹುಡುಕಿ ತಾವೇ ತಿಳಿದುಕೊಂಡವರು ಮನೆಯವರ ಮೇಲಿನ ಸಿಟ್ಟಿಗೆ ಗುಳಿಗೆ ಬಿಡುತ್ತಾರೆ. ವಯಸ್ಸಿಗೆ ತಕ್ಕಂತೆ ಸ್ವಲ್ಪಸ್ವಲ್ಪವಾಗಿ, ಅಜ್ಜಿಯನ್ನೋ ತಾಯಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಹೇಳುತ್ತೇವೆ. ದೊಡ್ಡವರಾದ ಮೇಲೆ ಅವರು ಕೇಳುವುದು ಮದುವೆಯ ಬಗ್ಗೆ. ಆಗಬಹುದು, ಸಂಗಾತಿಗೆ ಮೊದಲೇ ತಿಳಿಸಬೇಕು. ಔಷಧ ತಪ್ಪದೆ ನುಂಗಿ ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟದಲ್ಲೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲ. ತಾಯಿ ಔಷಧ ಬಿಡದಿದ್ದರೆ, ಹುಟ್ಟಿದ ಕೂಡಲೇ ಮಗುವಿಗೂ ಔಷಧ ಶುರುಮಾಡಿದರೆ, ಮಗು ಸೋಂಕಿಲ್ಲದೆ ಬೆಳೆಯುವ ಸಾಧ್ಯತೆಯೇ ತೀರಾ ಹೆಚ್ಚು.