ಸಭೆಯೊಳಗೆ ಜಗಳವೇ? ಮೊದಲು ಎದುರಾಎದುರು ಕೂತು ಮಾತಾಡಿ

ನಿಪ್ಪಾಣಿ ಪೇಟೆಯಲ್ಲಿ ಮರಾಠಿ, ರಾಯಬಾಗ-ಅಥಣಿಯತ್ತ ಕನ್ನಡ, ಚಿಕ್ಕೋಡಿ-ಕಾಗವಾಡದಲ್ಲಿ ಎರಡೂ. ಇಂಥ ಗಡಿಸೀಮೆಯ ಚರ್ಚಿನಲ್ಲಿ ಭಾನುವಾರದ ಆರಾಧನೆ ಯಾವ ಭಾಷೆಯಲ್ಲಿ ಎಂಬ ತಕರಾರು ಎದ್ದರೆ ಅಚ್ಚರಿಯೇನಿಲ್ಲ. ಕಟ್ಟಡ ನಿಧಿಯ ಲೆಕ್ಕ, ಪಾಸ್ಟರ ವರ್ಗಾವಣೆ, ಕಮಿಟಿ ಚುನಾವಣೆಗಳೂ ಮನಸ್ಸು ಮುರಿಯುತ್ತವೆ.

ಭಾಷೆಯ ಜಗಳ ಕ್ರೈಸ್ತ ಸಭೆಯಷ್ಟೇ ಹಳೆಯದು. ಗ್ರೀಕ್ ಮಾತಾಡುವವರ ವಿಧವೆಯರಿಗೆ ದಿನದ ಆಹಾರ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆ ಎಂದು ಜೆರೂಸಲೇಮಿನಲ್ಲಿ ಗೊಣಗಾಟ ಎದ್ದದ್ದನ್ನು ‘ಅಪೊಸ್ತಲರ ಕೃತ್ಯಗಳು’ 6ನೇ ಅಧ್ಯಾಯ ಹೇಳುತ್ತದೆ. ಅಪೊಸ್ತಲರು ಯಾರ ಬಾಯಿಯನ್ನೂ ಮುಚ್ಚಿಸಲಿಲ್ಲ. ಏಳು ಮಂದಿಯನ್ನು ಆರಿಸಿಕೊಳ್ಳಿ ಎಂದರು. ಆಯ್ಕೆಯಾದ ಏಳೂ ಹೆಸರು ಗ್ರೀಕ್! ದೂರಿದವರ ಕೈಗೇ ಸೌಟು ಸಿಕ್ಕಿತು ಅನ್ನಿ.

ಹೆಜ್ಜೆಗಳ ಕ್ರಮ ಮತ್ತಾಯ 18ರಲ್ಲೇ ಇದೆ: ಮೊದಲು ಒಬ್ಬರೇ ಹೋಗಿ, ಆಮೇಲೆ ಒಬ್ಬಿಬ್ಬರನ್ನು ಕರೆದುಕೊಂಡು, ಕೊನೆಗೆ ಸಭೆಯ ಮುಂದೆ. ಈಗ ನಡೆಯುವುದು ತಿರುಗುಮುರುಗು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೊದಲು ಸ್ಫೋಟ, ಮುಖ ನೋಡುವುದು ಕೊನೆಗೆ. ಹಾಗಾಗಿ ಫೋನ್ ಬದಿಗಿಟ್ಟು ಅವರ ಮನೆಗೇ ಹೋಗಬೇಕು. ‘ಕಾಕಾ, ಅವತ್ತಿನ ಮಾತು ಮನಸ್ಸಿಗೆ ಹತ್ತೇತ್ರಿ’ ಎಂದು ನಡೆದ ಸಂಗತಿಯನ್ನಷ್ಟೇ ಹೇಳಿದರೆ ಸಾಕು; ಅವರ ಉದ್ದೇಶ ಏನಿತ್ತೆಂದು ತೀರ್ಪು ಕೊಡಬಾರದು. ಎರಡನೇ ಸಲ ಹೋಗುವಾಗ ಜೊತೆಗೆ ಬರುವವರು ತಮ್ಮ ಪಾರ್ಟಿಯವರಲ್ಲ, ಇಬ್ಬರೂ ನಂಬುವ ಹಿರಿಯರಾಗಿರಲಿ.

ಸಭೆ ಕರೆಯುವುದಾದರೆ ವಿಷಯಪಟ್ಟಿಯನ್ನು ವಾರ ಮೊದಲೇ ಗೋಡೆಗೆ ಅಂಟಿಸಬೇಕು. ಕಬ್ಬು ಕಡಿಯುವ ಹಂಗಾಮಿನಲ್ಲಿ, ಅರ್ಧ ಜನ ಹೊಲದಲ್ಲಿರುವಾಗ ಮತ ಹಾಕಿಸಿದರೆ ಆ ನಿರ್ಣಯ ನಿಲ್ಲುವುದಿಲ್ಲ. ಹಣದ ತಕರಾರಾದರೆ ರಸೀದಿ ಪುಸ್ತಕ, ಪಾಸ್‌ಬುಕ್ ಎರಡೂ ಮೇಜಿನ ಮೇಲಿರಲಿ. ಒಬ್ಬರು ಮಾತಾಡುವಾಗ ಮತ್ತೊಬ್ಬರು ನಡುವೆ ಬಾಯಿ ಹಾಕಕೂಡದು. ಠರಾವು ಪುಸ್ತಕವನ್ನು ಅಲ್ಲೇ ಓದಿ ಹೇಳಿ ಸಹಿ ಮಾಡಿಸುವುದು ಮುಖ್ಯ.

ಗೆದ್ದವರು ಏನು ಮಾಡಬೇಕು? ದಕ್ಷಿಣ ಭಾರತ ಸಭೆಯ (ಸಿಎಸ್‌ಐ) ಇತಿಹಾಸದಲ್ಲಿ ಒಳ್ಳೆಯ ಮಾದರಿಯಿದೆ. 1919ರಲ್ಲಿ ತರಂಗಂಬಾಡಿಯಲ್ಲಿ ಶುರುವಾದ ಐಕ್ಯದ ಮಾತುಕತೆ ಬಿಷಪ್ ಪದವಿಯ ಪ್ರಶ್ನೆಯಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದು, ಮದರಾಸಿನಲ್ಲಿ ಮುಗಿದದ್ದು 1947ರ ಸೆಪ್ಟೆಂಬರ್ 27ಕ್ಕೆ. ರೂಢಿಯಲ್ಲಿಲ್ಲದ ಆರಾಧನಾ ಕ್ರಮವನ್ನಾಗಲಿ ಸೇವಕರನ್ನಾಗಲಿ ಯಾವ ಸಭೆಯ ಮೇಲೂ ಹೇರುವುದಿಲ್ಲ ಎಂಬ ವಚನ ಆ ಒಪ್ಪಂದದಲ್ಲಿತ್ತು. ಊರಿನ ಠರಾವಿನಲ್ಲೂ ಹಾಗೆ ಒಂದು ಸಾಲು ಇರಲಿ: ಕನ್ನಡ ಆರಾಧನೆ ಎಂಟಕ್ಕೆ, ಮರಾಠಿಯದು ಹತ್ತಕ್ಕೆ, ಕ್ರಿಸ್‌ಮಸ್ ಮಾತ್ರ ಕೂಡಿ.

ಇಷ್ಟಾದರೂ ಬಗೆಹರಿಯದಿದ್ದರೆ ಮೆಥೋಡಿಸ್ಟ್ ಸಭೆಯವರು ಜಿಲ್ಲಾ ಸೂಪರಿಂಟೆಂಡೆಂಟರಿಗೆ, ಕ್ಯಾಥೊಲಿಕರು ಬೆಳಗಾವಿ ಬಿಷಪ್ಪರಿಗೆ ಲಿಖಿತವಾಗಿ ಕೊಡಬಹುದು. ಆಸ್ತಿಯ ವ್ಯಾಜ್ಯ ಕೋರ್ಟು ಹತ್ತುವ ಮುನ್ನ ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್ತಿಗೆ ಹೋಗುವ ದಾರಿಯಿದೆ. ಅಲ್ಲಿ ಶುಲ್ಕವಿಲ್ಲ, ಆದರೆ ಅಲ್ಲಿನ ತೀರ್ಪಿನ ಮೇಲೆ ಅಪೀಲೂ ಇಲ್ಲ. ಪೂರ್ತಿ ಓದಿಯೇ ಸಹಿ ಹಾಕಿ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ಮಾತ್ರ ಭಿನ್ನಾಭಿಪ್ರಾಯವೆಂದು ರಾಜಿ ಪಂಚಾಯ್ತಿಗೆ ತರುವಂತಿಲ್ಲ. ಗೊತ್ತಾದವರು ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆ ಪ್ರಕಾರ ಕಡ್ಡಾಯ. ಮಕ್ಕಳ ಸಹಾಯವಾಣಿ 1098.