ಲೋನಾರ್‌ಗೆ ಹೊರಟವರಿಗೆ ಒಂದು ಕಿವಿಮಾತು

ಪುಣೆಯಲ್ಲಿರುವ ಕನ್ನಡಿಗರೇ, ರಜೆ ಬಂತೆಂದರೆ ಲೋಣಾವಳ, ಮಹಾಬಳೇಶ್ವರ ಇದ್ದೇ ಇವೆ. ಈ ಸಲ ಬುಲ್ಢಾಣಾ ಜಿಲ್ಲೆಯ ಲೋನಾರ್ ಉಪ್ಪುನೀರಿನ ಕೆರೆಗೆ ಹೋಗಿಬನ್ನಿ. ಕಪ್ಪುಶಿಲೆಯ ನೆಲಕ್ಕೆ ಉಲ್ಕೆ ಅಪ್ಪಳಿಸಿ ಆದ ಸುಮಾರು 1.8 ಕಿಲೋಮೀಟರ್ ಅಗಲದ ಕುಳಿಯದು. ಸುತ್ತಲ ಕಾಡು ವನ್ಯಜೀವಿ ಅಭಯಾರಣ್ಯ. 2020ರಲ್ಲಿ ಕೆರೆಗೆ, ಮಹತ್ವದ ಜೌಗುನೆಲಗಳಿಗೆ ಸಿಗುವ ರಾಮ್ಸಾರ್ ಮಾನ್ಯತೆಯೂ ದೊರೆಯಿತು. ಅದೇ ವರ್ಷ ಜೂನ್‌ನಲ್ಲಿ ನೀರು ಗುಲಾಬಿ ಬಣ್ಣಕ್ಕೆ ತಿರುಗಿದಾಗ, ಉಪ್ಪಿನಲ್ಲೇ ಬದುಕುವ ಸೂಕ್ಷ್ಮಜೀವಿಗಳು ಅದಕ್ಕೆ ಕಾರಣವೆಂದು ಕಂಡುಕೊಂಡದ್ದು ನಮ್ಮ ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆ.

ಒಂದೇ ದಿನದಲ್ಲಿ ಹೋಗಿಬರುವ ದೂರವಲ್ಲ. ಛತ್ರಪತಿ ಸಂಭಾಜಿನಗರದಲ್ಲೋ ಲೋನಾರ್‌ನಲ್ಲೋ ರಾತ್ರಿ ತಂಗಿ, ಬೆಳಗಿನ ತಂಪಿನಲ್ಲೇ ಕುಳಿಗೆ ಇಳಿಯಿರಿ. ನವೆಂಬರ್‌ನಿಂದ ಫೆಬ್ರುವರಿವರೆಗಿನ ಕಾಲ ಹಿತ. ಇಳಿಯುವುದು ಸುಲಭ, ಹತ್ತುವಾಗ ದಮ್ಮು ಕಟ್ಟುತ್ತದೆ. ಹಿರಿಯರಿದ್ದರೆ ಮೇಲಿನ ಅಂಚಿನಿಂದಲೇ ತೋರಿಸಿ. ಗಟ್ಟಿ ಬೂಟು, ಟೋಪಿ, ಸಾಕಷ್ಟು ಕುಡಿಯುವ ನೀರು ಜೊತೆಗಿರಲಿ. ಕೆರೆಯ ನೀರು ಉಪ್ಪಷ್ಟೇ ಅಲ್ಲ, ಕ್ಷಾರವೂ ಹೌದು. ಮಕ್ಕಳು ಬಾಯಿಗೆ, ಕಣ್ಣಿಗೆ ತಾಗಿಸಿಕೊಳ್ಳದಂತೆ ನೋಡಿಕೊಳ್ಳಿ. ದಡದ ಕಮಳಜಾದೇವಿ ಗುಡಿಯನ್ನೂ ಊರೊಳಗಿನ ದೈತ್ಯಸೂದನ ದೇವಾಲಯದ ಕೆತ್ತನೆಯನ್ನೂ ತಪ್ಪಿಸಬೇಡಿ.

ಗೋಮುಖವೆಂಬ ಸಿಹಿನೀರಿನ ಚಿಲುಮೆಯ ಬಳಿ ಸೋಪು ಬಳಸಬೇಡಿ. ಆ ನೀರು ಹರಿದು ಕೆರೆಯನ್ನೇ ಸೇರುತ್ತದೆ. ಕಲ್ಲನ್ನು ನೆನಪಿಗೆಂದು ಎತ್ತಿಕೊಳ್ಳಬೇಡಿ, ಪ್ಲಾಸ್ಟಿಕ್ ಬಿಟ್ಟುಬರಬೇಡಿ. ಇಂಥ ಕುಳಿ ಲೋಕದಲ್ಲೇ ಅಪರೂಪ. ಅದನ್ನು ಕಂಡಂತೆಯೇ ಉಳಿಸಿ ಬನ್ನಿ.