ದೂರದ ಮುದ್ದತಿನ ಹುಂಡಿ: ಚುನಾವಣೆ, ಸರ್ಕಾರದ ಸಾಲ ಮತ್ತು ನಿವೃತ್ತಿ ವೇತನ

ಚುನಾವಣೆ ಸಮೀಪಿಸಿದಾಗಲೆಲ್ಲ ಪೇಟೆಯಲ್ಲಿ ಮೂರು ಪ್ರಶ್ನೆಗಳು ಕೇಳಿಬರುತ್ತವೆ. ಯಾರು ಗೆಲ್ಲುವರು? ಸರ್ಕಾರದ ಸಾಲ ಎಲ್ಲಿಗೆ ಮುಟ್ಟುವುದು? ಮುಪ್ಪಿನ ಕಾಲಕ್ಕೆ ಕೈಯಲ್ಲಿ ಏನು ಉಳಿಯುವುದು? ಇವು ಬೇರೆ ಬೇರೆ ಚಿಂತೆಗಳೆಂದು ತೋರಿದರೂ ಲೆಕ್ಕದ ದೃಷ್ಟಿಯಿಂದ ನೋಡಿದಾಗ ಒಂದೇ ಖಾತಾ ಪುಸ್ತಕದ ಮೂರು ಪುಟಗಳಾಗಿವೆ. ನಿವೃತ್ತಿ ವೇತನದ ಪ್ರಶ್ನೆಯನ್ನು ಬಿಡಿಸಿ ನೋಡಿದರೆ ಈ ಸಂಬಂಧ ಸ್ಪಷ್ಟವಾಗುತ್ತದೆ.

ಹುಂಡಿಯ ಸ್ವಭಾವ ವರ್ತಕರಿಗೆ ತಿಳಿದಿರುವಂಥದೇ. ಮುದ್ದತು ತುಂಬಿದ ದಿನ ಹಣ ತೆರಲೇಬೇಕು. ನಿವೃತ್ತಿ ವೇತನದ ಭರವಸೆಯೂ ಒಂದು ಬಗೆಯ ಹುಂಡಿಯೇ ಆಗಿದೆ. ಆದರೆ ಅದರ ಮುದ್ದತು ಮೂವತ್ತು, ನಲವತ್ತು ವರ್ಷಗಳದ್ದು. ಸಹಿ ಹಾಕಿದ ಸರ್ಕಾರ ಒಂದು, ಹಣ ತೆರಬೇಕಾದ ಸರ್ಕಾರ ಮತ್ತೊಂದು. ಈ ಪ್ರಶ್ನೆಯ ತೊಡಕೆಲ್ಲ ಇರುವುದು ಈ ಅಂತರದಲ್ಲಿ.

ಎರಡು ಪದ್ಧತಿಗಳು

ಹಳೆಯ ಪಿಂಚಣಿ ಪದ್ಧತಿಯಲ್ಲಿ ಸರ್ಕಾರಿ ನೌಕರನು ಕೊನೆಯಲ್ಲಿ ಪಡೆಯುತ್ತಿದ್ದ ಮೂಲ ವೇತನದ ಸುಮಾರು ಅರ್ಧದಷ್ಟು ಮೊತ್ತವು ಪಿಂಚಣಿಯಾಗಿ ದೊರೆಯುತ್ತದೆ. ಅದರ ಮೇಲೆ ತುಟ್ಟಿಭತ್ಯೆಯೂ ಕಾಲಕಾಲಕ್ಕೆ ಏರುತ್ತದೆ. ಇದಕ್ಕಾಗಿ ನೌಕರನ ವೇತನದಿಂದ ವಂತಿಗೆ ಕಡಿತವಾಗುವುದಿಲ್ಲ, ಸರ್ಕಾರವೂ ಪ್ರತ್ಯೇಕ ನಿಧಿಯನ್ನು ಕೂಡಿಡುವುದಿಲ್ಲ. ಆಯಾ ವರ್ಷದ ಪಿಂಚಣಿಯನ್ನು ಆಯಾ ವರ್ಷದ ತೆರಿಗೆಯ ಹಣದಿಂದಲೇ ತೆರಲಾಗುತ್ತದೆ.

ಈ ಹೊರೆಯನ್ನು ಮನಗಂಡ ಕೇಂದ್ರ ಸರ್ಕಾರವು 2004ರ ಜನವರಿ 1ರಿಂದ ನೇಮಕಗೊಂಡವರಿಗೆ, ಸಶಸ್ತ್ರ ಪಡೆಗಳನ್ನು ಹೊರತುಪಡಿಸಿ, ಹೊಸ ಪಿಂಚಣಿ ಪದ್ಧತಿಯನ್ನು ಜಾರಿಗೆ ತಂದಿತು. ಇದರಲ್ಲಿ ನೌಕರನು ವೇತನ ಮತ್ತು ತುಟ್ಟಿಭತ್ಯೆಯ ಶೇ. 10ರಷ್ಟನ್ನು ಕಟ್ಟಬೇಕು. ಕೇಂದ್ರ ಸರ್ಕಾರದ ವಂತಿಗೆಯೂ ಮೊದಲು ಶೇ. 10 ಇದ್ದು, 2019ರ ಏಪ್ರಿಲ್‌ನಿಂದ ಶೇ. 14ಕ್ಕೆ ಏರಿತು. ಈ ಹಣವನ್ನು ಮಾರುಕಟ್ಟೆಯಲ್ಲಿ ಹೂಡಲಾಗುತ್ತದೆ. ನಿವೃತ್ತಿಯ ಕಾಲದಲ್ಲಿ ಕೂಡಿದ ಮೊತ್ತದ ಕನಿಷ್ಠ ಶೇ. 40ರಷ್ಟನ್ನು ಮಾಸಿಕ ಪಿಂಚಣಿಗಾಗಿ ತೊಡಗಿಸಬೇಕು. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದವರಿಗೆ ಈ ಪದ್ಧತಿ ಅನ್ವಯವಾಯಿತು.

ಎರಡರ ನಡುವಿನ ವ್ಯತ್ಯಾಸವನ್ನು ಹೀಗೆ ಹೇಳಬಹುದು. ಹಳೆಯದರಲ್ಲಿ ಬರುವ ಪಿಂಚಣಿ ನಿಶ್ಚಿತ, ಕಟ್ಟುವ ವೆಚ್ಚ ಅನಿಶ್ಚಿತ, ನಷ್ಟಭಯವೆಲ್ಲ ಬೊಕ್ಕಸದ್ದು. ಹೊಸದರಲ್ಲಿ ಕಟ್ಟುವ ಹಣ ನಿಶ್ಚಿತ, ಬರುವ ಪಿಂಚಣಿ ಅನಿಶ್ಚಿತ, ನಷ್ಟಭಯವೆಲ್ಲ ನೌಕರನದ್ದು. ಜೀವಮಾನವಿಡೀ ದುಡಿದವನು ಮಾರುಕಟ್ಟೆಯ ಏರಿಳಿತಕ್ಕೆ ಹೆದರುವುದು ಸಹಜವಾಗಿಯೇ ಇದೆ. ಅವನ ಅಳಲನ್ನು ಕೇವಲ ದುರಾಸೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಚುನಾವಣಾ ಕಣದಲ್ಲಿ ಪಿಂಚಣಿ

2022ರ ಫೆಬ್ರವರಿಯಲ್ಲಿ ರಾಜಸ್ಥಾನವು ತನ್ನ ಆಯವ್ಯಯದಲ್ಲಿ ಹಳೆಯ ಪದ್ಧತಿಗೆ ಮರಳುವುದಾಗಿ ಘೋಷಿಸಿತು. ಅದೇ ವರ್ಷ ಛತ್ತೀಸಗಢ, ಜಾರ್ಖಂಡ್ ಮತ್ತು ಪಂಜಾಬ್ ರಾಜ್ಯಗಳು ಅದೇ ದಾರಿ ಹಿಡಿದವು. ಹಿಮಾಚಲ ಪ್ರದೇಶದಲ್ಲಿ 2022ರ ಚುನಾವಣೆಯ ಮುಖ್ಯ ಭರವಸೆಗಳಲ್ಲಿ ಇದೂ ಒಂದಾಗಿತ್ತು. ಗೆದ್ದ ಪಕ್ಷವು 2023ರ ಜನವರಿಯಲ್ಲಿ ಅದನ್ನು ಅಂಗೀಕರಿಸಿತು. ಆದರೆ 2023ರ ಕೊನೆಯಲ್ಲಿ ನಡೆದ ಚುನಾವಣೆಗಳಲ್ಲಿ ರಾಜಸ್ಥಾನ ಮತ್ತು ಛತ್ತೀಸಗಢದ ಆಡಳಿತ ಪಕ್ಷಗಳು ಸೋತವು. ಭರವಸೆಯೊಂದೇ ಮತವನ್ನು ನಿರ್ಧರಿಸುವುದಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ. ಸರ್ಕಾರ ಬದಲಾದರೂ ಭರವಸೆಯ ಹೊಣೆ ಬೊಕ್ಕಸದ ಮೇಲೆಯೇ ಉಳಿಯುತ್ತದೆ.

ಕರ್ನಾಟಕದಲ್ಲಿಯೂ 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ವೇತನ ಪರಿಷ್ಕರಣೆ ಮತ್ತು ಹಳೆಯ ಪಿಂಚಣಿಗಾಗಿ ಮುಷ್ಕರ ಹೂಡಿದರು. 2006ರ ಏಪ್ರಿಲ್‌ಗೆ ಮೊದಲು ಅಧಿಸೂಚನೆ ಹೊರಟು, ಆ ಬಳಿಕ ನೇಮಕಗೊಂಡಿದ್ದ ಸುಮಾರು 13,000 ನೌಕರರನ್ನು 2024ರ ಜನವರಿಯಲ್ಲಿ ಹಳೆಯ ಪದ್ಧತಿಯ ವ್ಯಾಪ್ತಿಗೆ ತರಲಾಯಿತು.

ಕೇಂದ್ರ ಸರ್ಕಾರವು ನಡುದಾರಿಯೊಂದನ್ನು ಆರಿಸಿಕೊಂಡಿತು. 2024ರ ಆಗಸ್ಟ್‌ನಲ್ಲಿ ಸಚಿವ ಸಂಪುಟದ ಒಪ್ಪಿಗೆ ಪಡೆದ ಏಕೀಕೃತ ಪಿಂಚಣಿ ಯೋಜನೆಯು 2025ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಇಪ್ಪತ್ತೈದು ವರ್ಷ ಸೇವೆ ಸಲ್ಲಿಸಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧದಷ್ಟು ಪಿಂಚಣಿಯ ಭರವಸೆ ಇದರಲ್ಲಿದೆ. ಆದರೆ ನೌಕರನ ಶೇ. 10ರ ವಂತಿಗೆ ಮುಂದುವರಿಯುತ್ತದೆ. ಸರ್ಕಾರದ ಪಾಲು ಶೇ. 18.5ಕ್ಕೆ ಏರಿದೆ. ಭರವಸೆ ನೀಡುವುದರ ಜೊತೆಗೆ ಅದಕ್ಕೆ ತಗಲುವ ಬೆಲೆಯ ಒಂದು ಭಾಗವನ್ನು ಇಂದೇ ಕೂಡಿಡುವ ಪ್ರಯತ್ನ ಇದಾಗಿದೆ.

ಲೆಕ್ಕದ ಒಳಗುಟ್ಟು

ಹಳೆಯ ಪದ್ಧತಿಗೆ ಮರಳುವ ಸರ್ಕಾರಕ್ಕೆ ಮೊದಲ ವರ್ಷಗಳಲ್ಲಿ ನಷ್ಟವಾಗುವುದಿಲ್ಲ, ಲಾಭವೇ ಆಗುತ್ತದೆ! ಪ್ರತಿ ತಿಂಗಳು ನಿಧಿಗೆ ಕಟ್ಟಬೇಕಾಗಿದ್ದ ವಂತಿಗೆ ನಿಂತು ಅಷ್ಟು ಹಣ ಬೊಕ್ಕಸದಲ್ಲಿ ಉಳಿಯುತ್ತದೆ. ವೆಚ್ಚ ಬರುವುದು ಬಹಳ ತಡವಾಗಿ. ಇಪ್ಪತ್ತೈದನೆಯ ವಯಸ್ಸಿನಲ್ಲಿ 2006ರಲ್ಲಿ ರಾಜ್ಯ ಸೇವೆಗೆ ಸೇರಿದವರು ಅರವತ್ತು ತುಂಬಿ ನಿವೃತ್ತರಾಗುವುದು 2041ರಲ್ಲಿ. ಐದು ವರ್ಷಕ್ಕೊಂದರಂತೆ ಎಣಿಸಿದರೆ, 2023ರ ಬಳಿಕ ಅಷ್ಟರೊಳಗೆ ಮೂರು ವಿಧಾನಸಭಾ ಚುನಾವಣೆಗಳು ಕಳೆದಿರುತ್ತವೆ. ಅವರು ಎಂಬತ್ತು ವರ್ಷ ಬದುಕಿದರೆ ಪಾವತಿ 2061ರವರೆಗೆ ನಡೆಯಬೇಕು.

ಭಾರತೀಯ ರಿಸರ್ವ್ ಬ್ಯಾಂಕಿನ ಬುಲೆಟಿನ್‌ನಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಹೊರೆಯನ್ನು ಅಂದಾಜು ಮಾಡಿದೆ. ರಾಜ್ಯಗಳೆಲ್ಲವೂ ಹಳೆಯ ಪದ್ಧತಿಗೆ ಮರಳಿದರೆ ಒಟ್ಟು ಹೊರೆ ಹೊಸ ಪದ್ಧತಿಯ ಹೊರೆಯ ಸುಮಾರು 4.5 ಪಟ್ಟು ಆಗಬಹುದು. 2060ರ ವೇಳೆಗೆ ಹೆಚ್ಚುವರಿ ವೆಚ್ಚವೇ ವರ್ಷಕ್ಕೆ ರಾಷ್ಟ್ರೀಯ ಉತ್ಪನ್ನದ ಶೇ. 0.9ಕ್ಕೆ ಮುಟ್ಟಬಹುದು ಎಂಬುದು ಅದರ ನಿಷ್ಕರ್ಷೆ.

ಸಾಲದ ಪುಟ

ವೇತನ, ಪಿಂಚಣಿ ಮತ್ತು ಬಡ್ಡಿ ಈ ಮೂರನ್ನೂ ಬದ್ಧ ವೆಚ್ಚವೆಂದು ಕರೆಯುತ್ತಾರೆ. ಇವನ್ನು ಕಡಿತ ಮಾಡುವುದು ಯಾವ ಸರ್ಕಾರಕ್ಕೂ ಸುಲಭವಲ್ಲ. 2025-26ರ ಕೇಂದ್ರ ಆಯವ್ಯಯದಲ್ಲಿ ಒಟ್ಟು ವೆಚ್ಚ ಸುಮಾರು 50.65 ಲಕ್ಷ ಕೋಟಿ ರೂಪಾಯಿ; ಅದರಲ್ಲಿ ಬಡ್ಡಿಗಾಗಿ ತೆಗೆದಿರಿಸಿದ ಹಣ ಸುಮಾರು 12.76 ಲಕ್ಷ ಕೋಟಿ. ಅಂದರೆ ಪ್ರತಿ ನಾಲ್ಕು ರೂಪಾಯಿಯಲ್ಲಿ ಒಂದು ರೂಪಾಯಿ ಹಿಂದಿನ ಸಾಲದ ಬಡ್ಡಿಗೇ ಸಲ್ಲುತ್ತದೆ.

ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು 2002ರಲ್ಲಿ ದೇಶದಲ್ಲಿಯೇ ಮೊದಲು ಜಾರಿಗೆ ತಂದ ರಾಜ್ಯ ಕರ್ನಾಟಕ. ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ. 3ನ್ನೂ, ಒಟ್ಟು ಹೊಣೆಗಾರಿಕೆ ಶೇ. 25ನ್ನೂ ಮೀರಬಾರದೆಂಬುದು ಇಲ್ಲಿಯ ಮಿತಿ. 2025-26ರ ರಾಜ್ಯ ಆಯವ್ಯಯದ ಅಂದಾಜಿನಲ್ಲಿ ಈ ಎರಡು ಅಂಕಿಗಳು ಕ್ರಮವಾಗಿ ಶೇ. 2.95 ಮತ್ತು ಶೇ. 24.91 ಆಗಿದ್ದವು. ಮಿತಿ ಪಾಲನೆಯಾಗಿದೆಯಾದರೂ ಮಿತಿಗೂ ಅಂದಾಜಿಗೂ ನಡುವೆ ಉಳಿದ ಜಾಗ ಅತ್ಯಲ್ಪ. ಹಳೆಯ ಪದ್ಧತಿಯಲ್ಲಿ ಮುಂದೆ ತೆರಬೇಕಾದ ಪಿಂಚಣಿಯು ಈ ಸಾಲದ ಲೆಕ್ಕದಲ್ಲಿ ಸೇರಿರುವುದಿಲ್ಲ ಎಂಬುದನ್ನೂ ಗಮನಿಸಬೇಕು. ಅಢಾವೆ ಪತ್ರಿಕೆಯಲ್ಲಿ ಕಾಣಿಸದ ಹೊಣೆಯೂ ಹೊಣೆಯೇ.

ಕೈ ಬಿಗಿಯಾದಾಗ ಏನಾಗುತ್ತದೆಂಬುದಕ್ಕೆ ಹಿಮಾಚಲ ಪ್ರದೇಶವೇ ನಿದರ್ಶನ. 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ವೇತನವನ್ನು 5ರಂದು, ಪಿಂಚಣಿಯನ್ನು 10ರಂದು ನೀಡಲಾಯಿತು. ಕೇಂದ್ರದಿಂದ ಹಣ ಬರುವ ದಿನಕ್ಕೆ ಪಾವತಿಯನ್ನು ಹೊಂದಿಸಿ ಸಾಲದ ಬಡ್ಡಿಯನ್ನು ಉಳಿಸುವುದು ಇದರ ಉದ್ದೇಶವೆಂದು ಸರ್ಕಾರ ವಿವರಿಸಿತು. ಆ ಸಂಕಷ್ಟಕ್ಕೆ ಹೊಸದಾಗಿ ನೀಡಿದ ಭರವಸೆಯೇ ಕಾರಣವೆನ್ನಲಾಗದು. ಅದರ ವೆಚ್ಚ ಇನ್ನೂ ಮುಂದಿದೆ. ಆದರೆ ಖಾತರಿಯ ಬಲವು ಖಜಾನೆಯ ಬಲಕ್ಕಿಂತ ಹೆಚ್ಚಿನದಲ್ಲವೆಂಬ ಪಾಠ ಇದರಲ್ಲಿದೆ.

ಬದ್ಧ ವೆಚ್ಚ ಹೆಚ್ಚಿದಂತೆ ರಸ್ತೆ, ವಿದ್ಯುತ್, ಕೈಗಾರಿಕಾ ವಸಾಹತುಗಳ ಅಭಿವೃದ್ಧಿಗೆ ಉಳಿಯುವ ಹಣ ಕಡಿಮೆಯಾಗುತ್ತದೆ. ಸರ್ಕಾರಕ್ಕೆ ಸರಕು ಪೂರೈಸುವ ಸಣ್ಣ ಘಟಕಗಳ ಬಿಲ್ಲುಗಳು ತಡವಾಗುವ ಭಯವೂ ಇದೆ. ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಗರಿಷ್ಠ 45 ದಿನಗಳೊಳಗೆ ಹಣ ಸಂದಾಯವಾಗಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಆದರೆ ಕಾಯ್ದೆಯ ಬಲವೊಂದರಿಂದಲೇ ಖಾಲಿ ಖಜಾನೆ ತುಂಬದು.

ಕೆಲಸಗಾರರ ಬಾಬ್ತು

ಸಣ್ಣ ಕೈಗಾರಿಕೋದ್ಯಮಿಯು ಕೇವಲ ತೆರಿಗೆದಾರನಲ್ಲ, ಮಾಲೀಕನೂ ಹೌದು. 1952ರ ಕಾಯ್ದೆಯಿಂದ ಆರಂಭವಾದ ಭವಿಷ್ಯನಿಧಿ ವ್ಯವಸ್ಥೆಯು ಇಪ್ಪತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಮಾಲೀಕನ ಶೇ. 12ರ ವಂತಿಗೆಯಲ್ಲಿ ಶೇ. 8.33 ಪಾಲು 1995ರ ನೌಕರರ ಪಿಂಚಣಿ ಯೋಜನೆಗೆ ಹೋಗುವಂತೆ ವ್ಯವಸ್ಥೆ ಮಾಡಲಾಯಿತು. ವೇತನದ ಮಿತಿ 2014ರ ಸೆಪ್ಟೆಂಬರ್‌ನಲ್ಲಿ 15,000 ರೂಪಾಯಿಗೆ, ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿಗೆ ನಿಗದಿಯಾಯಿತು.

ಈ ಯೋಜನೆಯ ಸೂತ್ರ ಸರಳವಾಗಿದೆ. ಪಿಂಚಣಿಗೆ ಅರ್ಹವಾದ ವೇತನವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 15,000 ರೂಪಾಯಿ ವೇತನದ ಮೇಲೆ 14 ವರ್ಷ ದುಡಿದವನಿಗೆ ದೊರೆಯುವುದು ತಿಂಗಳಿಗೆ 3,000 ರೂಪಾಯಿ. ಇದಕ್ಕೆ ತುಟ್ಟಿಭತ್ಯೆಯಿಲ್ಲ. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ 12 ವರ್ಷಗಳಲ್ಲಿ ಅದರ ಕೊಳ್ಳುವ ಶಕ್ತಿ ಅರ್ಧಕ್ಕೂ, 24 ವರ್ಷಗಳಲ್ಲಿ ಕಾಲು ಭಾಗಕ್ಕೂ ಇಳಿಯುತ್ತದೆ. ವಂತಿಗೆಯನ್ನು ತಪ್ಪಿಸಲು ಹಾಜರಿ ಪುಸ್ತಕದಲ್ಲಿ ಆಳುಗಳ ಸಂಖ್ಯೆಯನ್ನು ಇಳಿಸಿ ತೋರಿಸುವ ಮಾಲೀಕನು ಈ ಅಲ್ಪ ಆಧಾರವನ್ನೂ ಕಸಿದುಕೊಂಡಂತಾಗುತ್ತದೆ.

ವರ್ತಕರ ಸ್ವಂತ ಖಾತೆ

ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನಿಗೆ ನಿವೃತ್ತಿಯೂ ಇಲ್ಲ, ನಿವೃತ್ತಿ ವೇತನವೂ ಇಲ್ಲ. ಒಂದೂವರೆ ಕೋಟಿ ರೂಪಾಯಿಗೆ ಮೀರದ ವಾರ್ಷಿಕ ವಹಿವಾಟಿನ ವರ್ತಕರಿಗೆಂದು 2019ರಲ್ಲಿ ಆರಂಭವಾದ ಯೋಜನೆಯು ಅರವತ್ತರ ಬಳಿಕ ತಿಂಗಳಿಗೆ 3,000 ರೂಪಾಯಿ ನೀಡುವ ಗುರಿ ಹೊಂದಿತ್ತು. ಸೇರ್ಪಡೆಗೆ 18ರಿಂದ 40ರ ವಯೋಮಿತಿ ಇತ್ತು. 2015ರ ಅಟಲ್ ಪಿಂಚಣಿ ಯೋಜನೆಯ ಗರಿಷ್ಠ ಪಿಂಚಣಿ 5,000 ರೂಪಾಯಿ. 2022ರ ಅಕ್ಟೋಬರ್‌ನಿಂದ ಆದಾಯ ತೆರಿಗೆ ಕಟ್ಟುವವರಿಗೆ ಅದರ ಬಾಗಿಲು ಮುಚ್ಚಿತು. ಇವು ಆಸರೆಯ ಊರುಗೋಲುಗಳೇ ಹೊರತು ಸಂಸಾರ ಸಾಗಿಸುವ ಮಾರ್ಗಗಳಲ್ಲ.

ಅನೇಕ ವರ್ತಕರು ಅಂಗಡಿಯ ದಾಸ್ತಾನನ್ನೇ ಮುಪ್ಪಿನ ಆಧಾರವೆಂದು ಭಾವಿಸುತ್ತಾರೆ. ಅಂಗಡಿ, ಮನೆ, ಸ್ವಂತ ಜಾಮೀನು ಎಲ್ಲವೂ ಒಂದೇ ಬ್ಯಾಂಕ್ ಸಾಲಕ್ಕೆ ಅಡವಾಗಿದ್ದರೆ ವ್ಯಾಪಾರ ಮುಳುಗಿದ ದಿನ ಮುಪ್ಪಿನ ಆಧಾರವೂ ಮುಳುಗುತ್ತದೆ. ಈ ಕಾರಣದಿಂದ ವೃದ್ಧಾಪ್ಯದ ಹಣ ವ್ಯಾಪಾರದ ಹಣದಿಂದ ಪ್ರತ್ಯೇಕವಾಗಿರಬೇಕು. ಸಾರ್ವಜನಿಕ ಭವಿಷ್ಯನಿಧಿಯಲ್ಲಿರುವ ಹಣವನ್ನು ಸಾಲಗಾರರ ಬಾಕಿಗಾಗಿ ನ್ಯಾಯಾಲಯದ ಡಿಕ್ರಿಯ ಮೂಲಕ ಜಪ್ತಿ ಮಾಡಲು ಬರುವುದಿಲ್ಲ. ತೆರಿಗೆ ಬಾಕಿಗೆ ಮಾತ್ರ ಈ ರಕ್ಷಣೆ ಅನ್ವಯಿಸದು. ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯೂ 2009ರ ಮೇ ತಿಂಗಳಿಂದ ಎಲ್ಲ ನಾಗರಿಕರಿಗೆ ತೆರೆದಿದೆ.

ಆರಂಭದ ಕಾಲವೂ ಮುಖ್ಯ. ವರ್ಷಕ್ಕೆ ಶೇ. 8ರ ಪ್ರತಿಫಲವೆಂದು ಭಾವಿಸಿ, ತಿಂಗಳಿಗೆ 3,000 ರೂಪಾಯಿಯಂತೆ 30 ವರ್ಷ ಕಟ್ಟಿದರೆ ಸುಮಾರು 44.7 ಲಕ್ಷ ರೂಪಾಯಿ ಕೂಡುತ್ತದೆ. ತಡವಾಗಿ ಆರಂಭಿಸಿ ತಿಂಗಳಿಗೆ 6,000 ರೂಪಾಯಿಯಂತೆ 15 ವರ್ಷ ಕಟ್ಟಿದರೆ ಕೂಡುವುದು ಸುಮಾರು 20.8 ಲಕ್ಷ ಮಾತ್ರ. ಎರಡರಲ್ಲಿಯೂ ಕೈಯಿಂದ ಕಟ್ಟಿದ ಹಣ 10.8 ಲಕ್ಷವೇ!

ಪ್ರಣಾಳಿಕೆಯನ್ನು ಓದುವ ಕ್ರಮ

ಪ್ರಣಾಳಿಕೆಯಲ್ಲಿನ ಭರವಸೆಗಳು ಪ್ರಚಲಿತ ಕಾನೂನಿನಡಿ ಭ್ರಷ್ಟ ಆಚರಣೆಯಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪಿತ್ತಿತು. ಜೊತೆಗೆ ಪ್ರಣಾಳಿಕೆಗಳಿಗೆ ಮಾರ್ಗಸೂಚಿ ರೂಪಿಸುವಂತೆ ಚುನಾವಣಾ ಆಯೋಗಕ್ಕೆ ಸೂಚಿಸಿತು. 2022ರ ಅಕ್ಟೋಬರ್‌ನಲ್ಲಿ ಆಯೋಗವು ಭರವಸೆಗಳ ವೆಚ್ಚವನ್ನೂ ಹಣದ ಮೂಲವನ್ನೂ ನಿಗದಿತ ನಮೂನೆಯಲ್ಲಿ ತಿಳಿಸುವ ಪ್ರಸ್ತಾವವನ್ನು ಪಕ್ಷಗಳ ಮುಂದಿಟ್ಟಿತು. ಆದರೆ ಕೊನೆಯ ಪರಿಶೀಲನೆ ಮತದಾರನದೇ.

ಉದ್ರಿ ಕೊಡುವ ಮುನ್ನ ವರ್ತಕನು ಕೇಳುವ ಪ್ರಶ್ನೆಗಳೇ ಇಲ್ಲಿಯೂ ಸಾಕು. ಈ ಹಣವನ್ನು ತೆರುವವರು ಯಾರು? ಯಾವ ವರ್ಷದಿಂದ ಯಾವ ವರ್ಷದವರೆಗೆ ತೆರಬೇಕು? ಅದಕ್ಕಾಗಿ ಇಂದು ಎಷ್ಟನ್ನು ತೆಗೆದಿರಿಸಲಾಗಿದೆ? ಯಾವ ಪಕ್ಷದ ಅಭ್ಯರ್ಥಿ ಬಂದರೂ ಈ ಮೂರನ್ನು ವಿನಯದಿಂದ ಕೇಳಬಹುದು. ವಾಣಿಜ್ಯ ಸಂಸ್ಥೆಗಳು ಚುನಾವಣಾ ಪೂರ್ವ ಸಭೆಗಳಲ್ಲಿ ಲಿಖಿತವಾಗಿಯೂ ಕೇಳಬಹುದು. ವೃದ್ಧರಿಗೆ ನೆಮ್ಮದಿಯ ಬದುಕು ದೊರೆಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆ ನೆಮ್ಮದಿ ನಿಲ್ಲುವುದು ಕೂಡಿಟ್ಟ ಹಣದ ಮೇಲೆ, ಭಾಷಣದ ಮೇಲಲ್ಲ. ಈ ನಿಯಮ ಸರ್ಕಾರದ ಖಜಾನೆಗೆ ಎಷ್ಟು ಸತ್ಯವೋ ಅಂಗಡಿಯ ಗಲ್ಲಾಪೆಟ್ಟಿಗೆಗೂ ಅಷ್ಟೇ ಸತ್ಯ.